ಕ್ಯಾಲ್ಕುಲೇಟರ್‌ಗೂ ಒಬ್ಬ ಮಿಮಿಕ್ರಿ ಕಲಾವಿದ

ಈ ಸಲದ ಅಂಚೆಯಲ್ಲಿ ಹಾಡಿನ ಕೋರಿಕೆಗಳ ನಡುವೆ ಒಂದು ಬೇರೆ ಥರದ ಪತ್ರವಿತ್ತು. ಕೊಚ್ಚಿಯ ಕಾಕ್ಕನಾಡಿನಿಂದ ಒಬ್ಬ ತಾಯಿ ಬರೆದದ್ದು. ಮಗಳು ಐ.ಬಿ. ಪಠ್ಯಕ್ರಮದ ಶಾಲೆಗೆ ಸೇರಿದ್ದಾಳೆ. ಗಣಿತಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ ಬೇಕು. ವಿಚಾರಿಸಿದರೆ ಬೆಲೆ ಹತ್ತು ಸಾವಿರ ರೂಪಾಯಿಗೂ ಮೇಲೆ. "ಅದೇ ಕ್ಯಾಲ್ಕುಲೇಟರ್ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುತ್ತೆ, ಎಮ್ಯುಲೇಟರ್ ಅಂತಾರೆ ಅಂತ ಮಗಳು ಹೇಳ್ತಾಳೆ. ಇದು ನಿಜವಾ? ತಪ್ಪೇನೂ ಇಲ್ವಾ?"

ಕನ್ನಡ ಬಿ.ಎ. ಮಾಡಿದವಳಿಗೆ ಗಣಿತದ ಪತ್ರ! ಆದರೂ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಬಹಳ ಸ್ವಾರಸ್ಯದ ವಿಷಯ, ನಿಮಗೂ ಹೇಳಿಬಿಡುತ್ತೇನೆ.

ಮೊದಲು ಈ ಯಂತ್ರ ಯಾವುದು ಅಂತ. ಕಿರಾಣಿ ಅಂಗಡಿಯ ಕ್ಯಾಲ್ಕುಲೇಟರ್ ಉತ್ತರದ ಅಂಕಿ ಮಾತ್ರ ತೋರಿಸುತ್ತದೆ. ಗ್ರಾಫಿಂಗ್ ಕ್ಯಾಲ್ಕುಲೇಟರ್ ಸಮೀಕರಣದ ರೇಖೆಯನ್ನೇ ಪರದೆಯ ಮೇಲೆ ಬರೆದು ತೋರಿಸುತ್ತದೆ. 1985ರಲ್ಲಿ ಕ್ಯಾಸಿಯೋ ಕಂಪನಿ ಇಂಥ ಮೊದಲ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಅಮೆರಿಕದ ಶಾಲೆಗಳನ್ನು ಆಳಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-83, ಟಿಐ-84. ನಮ್ಮಲ್ಲಿ ಎಸ್ಸೆಸ್ಸೆಲ್ಸಿಗಾಗಲಿ, ಸಿ.ಬಿ.ಎಸ್.ಇ. ಗಣಿತಕ್ಕಾಗಲಿ, ಜೆ.ಇ.ಇ.ಗಾಗಲಿ ಇದನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಬೇಕಾದವರು ಕಮ್ಮಿ, ಅಂಗಡಿಯಲ್ಲಿ ಸಿಗುವುದೂ ಕಮ್ಮಿ.

ಇನ್ನು ಎಮ್ಯುಲೇಟರ್. ಕೇರಳದಲ್ಲಿರುವ ನಮಗೆ ಮಿಮಿಕ್ರಿಯ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೊಚ್ಚಿಯ ಕಲಾಭವನ್ ಮಿಮಿಕ್ರಿಯನ್ನು ವೇದಿಕೆಯ ಕಲೆಯನ್ನಾಗಿ ಬೆಳೆಸಿದ ಊರಲ್ಲೇ ನಾವಿದ್ದೇವೆ. ಕಲಾವಿದ ನಟನ ದನಿಯನ್ನು ಹೊರಗಿನಿಂದ ಕೇಳಿ ಹಾಗೇ ಮಾತಾಡುತ್ತಾನೆ. ಕಂಪ್ಯೂಟರಿನಲ್ಲಿ ಹೀಗೆ ಹೊರಗಿನ ನಡವಳಿಕೆಯನ್ನಷ್ಟೇ ಅನುಕರಿಸಿದರೆ ಅದು ಸಿಮ್ಯುಲೇಟರ್. ಎಮ್ಯುಲೇಟರ್ ಇನ್ನೊಂದು ಹೆಜ್ಜೆ ಮುಂದೆ. ಅದು ನಟನ ಗಂಟಲನ್ನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ!

ಹೇಗೆ ಅಂತೀರಾ? ಟಿಐ-83 ಪ್ಲಸ್ ಒಳಗೆ ಇರುವುದು ಜ಼ಡ್-80 ಎಂಬ ಹಳೆಯ ಕಾಲದ ಚಿಪ್. ಅದಕ್ಕೆ ಅರ್ಥವಾಗುವುದು ಅಂಕಿಗಳು ಮಾತ್ರ. 62, 5, 198, 7 ಎಂದು ನಾಲ್ಕು ಅಂಕಿ ಕೊಟ್ಟೆವು ಅನ್ನಿ. 62 ಅಂದರೆ "ಮುಂದಿನ ಅಂಕಿಯನ್ನು ಎ ಎಂಬ ಡಬ್ಬಿಗೆ ಹಾಕು". 198 ಅಂದರೆ "ಮುಂದಿನ ಅಂಕಿಯನ್ನು ಅದಕ್ಕೆ ಕೂಡಿಸು". ಡಬ್ಬಿಯಲ್ಲಿ 12 ಬಂತು. ಎಮ್ಯುಲೇಟರ್ ಎಂಬ ತಂತ್ರಾಂಶ ಇದೇ ಅಂಕಿಗಳನ್ನು ಒಂದೊಂದಾಗಿ ಓದಿ, ಆ ಚಿಪ್ ಏನು ಮಾಡುತ್ತಿತ್ತೋ ಅದನ್ನೇ ಮಾಡುತ್ತದೆ. ಮೂಲ ಯಂತ್ರದ ವೇಗ ಸೆಕೆಂಡಿಗೆ 60 ಲಕ್ಷ ಮಿಡಿತ, ಪರದೆಯಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕಿ, ಅಷ್ಟೇ. ಇವತ್ತಿನ ಸಾಧಾರಣ ಕಂಪ್ಯೂಟರಿಗೆ ಇದು ಎಡಗೈ ಕೆಲಸ. ಬದಲಿಗೆ ಅದನ್ನು ಬೇಕೆಂದೇ ನಿಧಾನ ಮಾಡಬೇಕಾಗುತ್ತದೆ.

ಆದರೆ ಗಂಟಲು ಕಟ್ಟಿಕೊಂಡರೆ ಸಾಲದಲ್ಲ, ಹಾಡೂ ಬೇಕು. ಕ್ಯಾಲ್ಕುಲೇಟರ್ ಒಳಗಿನ ಮೂಲ ತಂತ್ರಾಂಶವನ್ನು ರಾಮ್ ಅನ್ನುತ್ತಾರೆ (ಅಯೋಧ್ಯೆಯ ರಾಮನಲ್ಲ!). ಅದರ ಹಕ್ಕು ಕಂಪನಿಯದು. ಟಿಲೆಮ್, ವಾಬಿಟ್‌ಎಮು ಮುಂತಾದ ಎಮ್ಯುಲೇಟರ್‌ಗಳನ್ನು ಹವ್ಯಾಸಿಗಳು ಬರೆದು ಪುಕ್ಕಟೆ ಹಂಚಿದರು. ಆದರೆ ರಾಮ್ ಅನ್ನು ನಿಮ್ಮದೇ ಕ್ಯಾಲ್ಕುಲೇಟರಿನಿಂದ ತೆಗೆದುಕೊಳ್ಳಬೇಕು ಎನ್ನುವುದು ರೂಢಿ. ಯಾರೋ ಇಳಿಸಿಟ್ಟ ರಾಮ್ ಬಳಸುವುದು ಕದ್ದ ಕ್ಯಾಸೆಟ್ ಹಾಕಿದ ಹಾಗೆ. ಮಗಳು ಅರ್ಧ ನಿಜ ಹೇಳಿದ್ದಾಳೆ ಅಮ್ಮಾ!

ಪೂರ್ತಿ ಸರಿಯಾದ ದಾರಿಯೂ ಇದೆ. ಫ್ರಾನ್ಸಿನ ನಮ್‌ವರ್ಕ್ಸ್ ಕಂಪನಿ 2017ರಲ್ಲಿ ತನ್ನ ಕ್ಯಾಲ್ಕುಲೇಟರ್ ತಂದಾಗ ಅದರ ಎಮ್ಯುಲೇಟರನ್ನು ತಾನೇ ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿತು. ಅಭ್ಯಾಸಕ್ಕೆ ಅದು ಧಾರಾಳ ಸಾಕು.

ಈ ಲೋಕದಲ್ಲಿ ಇನ್ನೊಂದು ಪದ ಕೇಳಿಬರುತ್ತದೆ, ಲೈಬ್ರರಿ. ಪುಸ್ತಕದ್ದಲ್ಲ. ನಮ್ಮ ಸ್ಟುಡಿಯೋದಲ್ಲಿ ಮಳೆ ಸದ್ದು, ರೈಲಿನ ಸದ್ದು, ಚಪ್ಪಾಳೆ ಎಲ್ಲ ಮೊದಲೇ ಧ್ವನಿಮುದ್ರಿಸಿ ಇಟ್ಟಿರುತ್ತಾರೆ. ನಾಟಕಕ್ಕೆ ಮಳೆ ಬೇಕಾದಾಗ ಯಾರೂ ಮೈಕ್ ಹಿಡಿದು ಅಂಗಳಕ್ಕೆ ಓಡುವುದಿಲ್ಲ. ಪ್ರೋಗ್ರಾಂ ಬರೆಯುವವರಿಗೂ ಹಾಗೆಯೇ. ಜ಼ಡ್-80ಗೆ ಗುಣಾಕಾರದ ಆದೇಶವೇ ಇಲ್ಲ! ಕೂಡಿಸುತ್ತಾ, ಸರಿಸುತ್ತಾ ಗುಣಿಸಬೇಕು. ಪ್ರತಿಯೊಬ್ಬರೂ ಅದನ್ನು ಮೊದಲಿಂದ ಬರೆಯುತ್ತಾ ಕೂತರೆ ಆಯಸ್ಸು ಸಾಲದು. ಒಬ್ಬರು ಬರೆದದ್ದನ್ನು ಎಲ್ಲರೂ ಬಳಸುವುದೇ ಲೈಬ್ರರಿ. 2015ರ ಬಣ್ಣದ ಟಿಐ-84 ಪ್ಲಸ್ ಸಿಇಗೆ ಹವ್ಯಾಸಿಗಳು ಮಾಡಿದ ಗ್ರಾಫ್‌ಎಕ್ಸ್ ಅಂಥದ್ದು. ಗೆರೆ, ವೃತ್ತ, ಆಟದ ಬೊಂಬೆ ಎಲ್ಲವನ್ನೂ ಅದು ಬರೆದುಕೊಡುತ್ತದೆ.

ಕಂಪನಿಗೂ ಹವ್ಯಾಸಿಗಳಿಗೂ ಜಟಾಪಟಿ ಇದ್ದದ್ದೇ. 2009ರಲ್ಲಿ ಬೆಂಜಮಿನ್ ಮೂಡಿ ಎಂಬಾತ ಮನೆಯ ಕಂಪ್ಯೂಟರನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಓಡಿಸಿ, ಟಿಐ-83 ಪ್ಲಸ್‌ನ ಗುಟ್ಟಿನ ಬೀಗದ ಸಂಖ್ಯೆಯನ್ನು ಒಡೆದರು. ಕಂಪನಿ ವಕೀಲರ ನೋಟಿಸ್ ಕಳಿಸಿತು. 2020ರಲ್ಲಿ ಪರೀಕ್ಷೆಯ ಭದ್ರತೆಯ ಮಾತೆದ್ದು, ಹೊಸ ಆವೃತ್ತಿಯಲ್ಲಿ ಹವ್ಯಾಸಿಗಳ ಸಿ ಭಾಷೆಯ ಪ್ರೋಗ್ರಾಂಗಳಿಗೆ ಬಾಗಿಲು ಹಾಕಲಾಯಿತು. ಪರೀಕ್ಷೆಯ ಚಿಂತೆ ಅರ್ಥವಾಗುತ್ತದೆ. ಆದರೆ ಕೊಂಡವರ ಕೈಯಲ್ಲಿರುವ ಯಂತ್ರಕ್ಕೆ ಹೀಗೆ ಬೀಗ ಹಾಕಿದ್ದು ನನಗೇನೋ ಸರಿ ಕಾಣಲಿಲ್ಲ.

ಕಾಕ್ಕನಾಡಿನ ಅಮ್ಮನಿಗೆ ನೇರ ಉತ್ತರ: ಎಮ್ಯುಲೇಟರ್ ಮನೆಪಾಠಕ್ಕೆ ಮಾತ್ರ. ಐ.ಬಿ. ಪರೀಕ್ಷೆಯ ಕೋಣೆಗೆ ಫೋನ್ ಬಿಡುವುದಿಲ್ಲ, ಯಂತ್ರವೇ ಬೇಕು. ಆದ್ದರಿಂದ ಶಾಲೆ ಒಪ್ಪುವ ಮಾದರಿಗಳ ಪಟ್ಟಿ ಕೇಳಿ ಪಡೆಯಿರಿ. ಮೇಲಿನ ತರಗತಿ ಮುಗಿಸಿದ ಮಕ್ಕಳಿಂದ ಹಳೆಯದನ್ನು ಕೊಳ್ಳಬಹುದು, ಇವು ಬೇಗ ಕೆಡುವ ಸಾಮಾನಲ್ಲ. ಕೊಳ್ಳುವ ಮೊದಲು ಪರದೆ ಮತ್ತು ಬ್ಯಾಟರಿ ನೋಡಿಕೊಳ್ಳಿ. ಅಮೆರಿಕದ ಕಾಲೇಜಿಗಾಗಿ ಸ್ಯಾಟ್ ಬರೆಯುವವರಿಗೆ ಈ ಖರ್ಚೂ ಬೇಡ. 2023ರಿಂದ ಇಲ್ಲಿ ಕಂಪ್ಯೂಟರಿನಲ್ಲೇ ನಡೆಯುವ ಆ ಪರೀಕ್ಷೆಯ ಪರದೆಯಲ್ಲೇ ಡೆಸ್ಮೋಸ್ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇರುತ್ತದೆ.

ಕೇರಳದ ಸರ್ಕಾರಿ ಶಾಲೆಯ ಮಕ್ಕಳು ಇದಕ್ಕೆ ಒಂದು ಪೈಸೆಯನ್ನೂ ಕೊಡುವುದಿಲ್ಲ ಗೊತ್ತಾ? 2001ರಲ್ಲಿ ಸ್ವತಂತ್ರ ತಂತ್ರಾಂಶದ ಭಾರತೀಯ ಪ್ರತಿಷ್ಠಾನ ಶುರುವಾದದ್ದು ತಿರುವನಂತಪುರದಲ್ಲಿ, ರಿಚರ್ಡ್ ಸ್ಟಾಲ್‌ಮನ್ ಅವರ ಸಮ್ಮುಖದಲ್ಲಿ. ಅದೇ ವರ್ಷ ಆರಂಭವಾಗಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಐಟಿ@ಸ್ಕೂಲ್ ಯೋಜನೆ ಶಾಲೆಗಳಿಗೆ ಉಚಿತ ಲಿನಕ್ಸ್ ತಂದಿತು. ಅದರ ಜೊತೆ ಬರುವ ಜಿಯೋಜೀಬ್ರಾ ಗ್ರಾಫ್ ಬರೆಯುತ್ತದೆ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಇದೇ ಪಾಠ, ಕನ್ನಡದ ಪುಸ್ತಕದಲ್ಲಿ.

ಮನೆಯಲ್ಲಿ ಕಂಪ್ಯೂಟರ್ ಇದ್ದರೆ ನೀವೂ ಒಮ್ಮೆ ಜಿಯೋಜೀಬ್ರಾ ತೆರೆದು ಸೈನ್ ಎಕ್ಸ್ ರೇಖೆ ಬರೆಸಿ. ಅದರ ಮೇಲೆ "ಎಕ್ಸ್, ಕಳೆ ಎಕ್ಸ್ ಘನದ ಆರನೇ ಒಂದು ಭಾಗ" ಎಂದು ಇನ್ನೊಂದು ರೇಖೆ. ಸೊನ್ನೆಯಿಂದ 1ರ ತನಕ ಎರಡೂ ಅಂಟಿಕೊಂಡೇ ಹೋಗಿ, ಆಮೇಲೆ ಬೇರೆಯಾಗುತ್ತವೆ. "ಕೂಡು ಎಕ್ಸ್‌ನ ಐದನೇ ಘಾತದ 120ನೇ ಒಂದು ಭಾಗ" ಎಂದು ಸೇರಿಸಿದರೆ ಸುಮಾರು 2ರ ತನಕ ಜೊತೆಗಿರುತ್ತವೆ. "ಕಳೆ ಏಳನೇ ಘಾತದ 5040ನೇ ಒಂದು ಭಾಗ" ಎಂದರೆ 3ರ ಹತ್ತಿರದವರೆಗೆ. ಈ ಸರಣಿಯನ್ನು ಹದಿನಾಲ್ಕನೇ ಶತಮಾನದಲ್ಲೇ ಕಂಡುಕೊಂಡವರು ಸಂಗಮಗ್ರಾಮದ ಮಾಧವ. ಆ ಊರು ಕೊಚ್ಚಿಯಿಂದ ತ್ರಿಶೂರಿಗೆ ಹೋಗುವಾಗ ಸಿಗುವ ಇರಿಂಞಾಲಕ್ಕುಡ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.