ಹೊಟ್ಟೆಯೊಳಗಿನ ಕಾವಲುಗಾರರು

ಕಳೆದ ರಂಜಾನ್ ತಿಂಗಳಲ್ಲಿ ನನ್ನ ತಮ್ಮನಿಗೆ ಭೇದಿ ಹತ್ತಿತು. ಅಬ್ಬಾಗೆ ಹಿಂದೆ ಜ್ವರ ಬಂದಾಗ ತಂದಿದ್ದ ಆಂಟಿಬಯಾಟಿಕ್ ಮಾತ್ರೆಗಳು ಕಪಾಟಿನಲ್ಲಿ ಉಳಿದಿದ್ದವು. ಸೈನ್ಸ್ ಓದುವವಳೆಂಬ ಧೈರ್ಯದಲ್ಲಿ ನಾನೇ ಎರಡು ದಿನ ಕೊಟ್ಟೆ. ಭೇದಿ ನಿಲ್ಲುವ ಬದಲು ಹೆಚ್ಚಾಯಿತು. ಡಾಕ್ಟರು ನೋಡಿ, "ಕಳ್ಳನನ್ನು ಹಿಡಿಯಲು ಹೋಗಿ ಕಾವಲುಗಾರರನ್ನೂ ಹೊಡೆದಿದ್ದೀಯಮ್ಮಾ" ಎಂದರು. ಆ ಮಾತಿನ ಅರ್ಥ ಹುಡುಕುತ್ತಾ ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ಕರುಳಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿ ಹೆಚ್ಚಿನವು ಉಪಕಾರಿಗಳೇ. ರೋಗ ತರುವ ಬ್ಯಾಕ್ಟೀರಿಯಾಗಳ ವಿಷ ಎರಡು ಬಗೆ. ಜೀವಂತ ಬ್ಯಾಕ್ಟೀರಿಯಾ ಹೊರಗೆ ಸುರಿಸುವುದು ಎಕ್ಸೋಟಾಕ್ಸಿನ್. ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯಲ್ಲೇ ಇದ್ದು, ಅದು ಸತ್ತು ಒಡೆದಾಗ ಹೆಚ್ಚಾಗಿ ಬಿಡುಗಡೆಯಾಗುವುದು ಎಂಡೋಟಾಕ್ಸಿನ್.

ಎಕ್ಸೋಟಾಕ್ಸಿನ್‌ಗೆ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲೇ ಇದೆ. ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತದಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿದರು. ಆದರೆ ಪ್ರಾಣಿಗಳಿಗೆ ಅದನ್ನು ತಿನ್ನಿಸಿದರೆ ಮನುಷ್ಯರಂತೆ ಕಾಲರಾ ಬರುತ್ತಿರಲಿಲ್ಲ. ಅದೇ ಕಲ್ಕತ್ತದ ಶಂಭುನಾಥ್ ಡೇ ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ರೋಗಾಣುಗಳನ್ನು ಸೋಸಿ ತೆಗೆದ ದ್ರವವನ್ನಷ್ಟೇ ಅದರೊಳಗೆ ಚುಚ್ಚಿದರು. ಕರುಳಿನ ತುಂಡು ನೀರು ತುಂಬಿ ಊದಿಕೊಂಡಿತು. ಕಾಲರಾದಲ್ಲಿ ಅಕ್ಕಿ ತೊಳೆದ ನೀರಿನಂತೆ ಭೇದಿಯಾಗುವುದು ಈ ವಿಷದಿಂದಲೇ ಎಂದು 1959ರಲ್ಲಿ ಅವರು ಪ್ರಕಟಿಸಿದರು.

ಹಾಗಾದರೆ ರೋಗಾಣು ತಿಂದ ಪ್ರಾಣಿಗೆ ಕಾಲರಾ ಏಕೆ ಬರುತ್ತಿರಲಿಲ್ಲ? ಉತ್ತರದ ಒಂದು ಭಾಗ 1955ರಲ್ಲಿ ಸಿಕ್ಕಿತು. ರೋಲ್ಫ್ ಫ್ರೆಟರ್ ಎಂಬ ವಿಜ್ಞಾನಿ ಔಷಧ ಕೊಟ್ಟು ಗಿನಿಯಿಲಿಗಳ ಕರುಳಿನ ಸಹಜ ಬ್ಯಾಕ್ಟೀರಿಯಾಗಳನ್ನು ತಗ್ಗಿಸಿದರು. ಆಮೇಲೆ ಕಾಲರಾ ರೋಗಾಣು ಅಲ್ಲಿ ಬೇರೂರಿತು, ಪ್ರಾಣಿಗಳು ಸತ್ತವು. ಅದೇ ಕಾಲದಲ್ಲಿ ಬೋನ್‌ಹಾಫ್ ಮತ್ತು ಮಿಲ್ಲರ್ ಇಲಿಗಳಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದರು. ಸಾಮಾನ್ಯ ಇಲಿಗೆ ಸೋಂಕು ತಗಲಲು ಸುಮಾರು 1,00,000 ಸಾಲ್ಮೊನೆಲ್ಲಾ ಬೇಕಿದ್ದರೆ, ಔಷಧ ತಿಂದ ಇಲಿಗೆ 10ಕ್ಕಿಂತ ಕಡಿಮೆ ಸಾಕಾಯಿತು! ಸಹಜ ಬ್ಯಾಕ್ಟೀರಿಯಾಗಳು ಜಾಗವನ್ನೂ ಆಹಾರವನ್ನೂ ಹಿಡಿದುಕೊಂಡಿರುವುದರಿಂದ ಹೊಸಬರಿಗೆ ನೆಲೆ ಸಿಗುವುದಿಲ್ಲ. ಡಾಕ್ಟರು ಹೇಳಿದ ಕಾವಲು ಇದೇ.

ಎಂಡೋಟಾಕ್ಸಿನ್‌ನ ಕಥೆ ಬೇರೆ. 1960ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ರೆನೆ ಡುಬೋ ಮತ್ತು ರಸೆಲ್ ಶೇಡ್ಲರ್ ಬಹಳ ಶುಚಿಯಾದ ವಾತಾವರಣದಲ್ಲಿ ಇಲಿಗಳನ್ನು ಸಾಕಿದರು. ಅವುಗಳ ಕರುಳಿನಲ್ಲಿ ನಮ್ಮ ಮೊಸರಿನ ಬ್ಯಾಕ್ಟೀರಿಯಾದ ಬಳಗವಾದ ಲ್ಯಾಕ್ಟೊಬ್ಯಾಸಿಲಸ್ ಹೇರಳವಾಗಿತ್ತು. ಸಾಮಾನ್ಯ ಇಲಿಗಳನ್ನು ಕೊಲ್ಲುವಷ್ಟು ಎಂಡೋಟಾಕ್ಸಿನ್ ಚುಚ್ಚಿದರೂ ಈ ಇಲಿಗಳು ತಾಳಿಕೊಂಡವು. ಸಾಮಾನ್ಯ ಇಲಿಗಳ ಸೂಕ್ಷ್ಮಜೀವಿಗಳು ಸೇರಿಕೊಂಡಾಗ ಆ ತಾಳಿಕೆ ಕುಗ್ಗಿತು. ಎಂಡೋಟಾಕ್ಸಿನ್ ಅಪಾಯ ತರುವುದು ಮುಖ್ಯವಾಗಿ ನಮ್ಮ ರೋಗನಿರೋಧಕ ವ್ಯವಸ್ಥೆಯನ್ನು ಮಿತಿಮೀರಿ ಕೆರಳಿಸಿ. ಆ ವ್ಯವಸ್ಥೆ ಎಷ್ಟು ಬೇಗ ಕೆರಳಬೇಕೆಂಬುದನ್ನು ಕರುಳಿನ ಬ್ಯಾಕ್ಟೀರಿಯಾಗಳೂ ತೀರ್ಮಾನಿಸುತ್ತವೆ. ಆದ್ದರಿಂದಲೇ ಒಂದೇ ತಳಿಯ ಇಲಿಗಳು ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಬೇರೆ ಬೇರೆ ಫಲಿತಾಂಶ ಕೊಡಬಹುದು.

ಅಂದರೆ ಕರುಳಿನ ಬ್ಯಾಕ್ಟೀರಿಯಾಗಳೆಲ್ಲ ಒಂದೇ ಅಲ್ಲ. ಯಾವುವು ಇವೆ, ಎಷ್ಟಿವೆ ಎಂಬುದೇ ಮುಖ್ಯ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹಾಗೆಯೇ ಅನ್ವಯಿಸುವುದಿಲ್ಲ, ನಿಜ. ಆದರೆ ಆಂಟಿಬಯಾಟಿಕ್ ತಿಂದ ಮೇಲೆ ಕೆಲವರ ಕರುಳಿನಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲೆ ಬೆಳೆದು, ಅದರ ವಿಷದಿಂದ ತೀವ್ರ ಭೇದಿಯಾಗುವುದನ್ನು ವೈದ್ಯರು ಬಲ್ಲರು.

ಹಾಗೆಂದು ಡಾಕ್ಟರು ಬರೆದುಕೊಟ್ಟ ಆಂಟಿಬಯಾಟಿಕ್ ಬಿಡಬೇಡಿ. ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಉಳಿದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಭೇದಿಯಾದರೆ ಮೊದಲು ಓಆರ್‌ಎಸ್ ಕೊಡಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಕುಡಿಸಿ, ಡಾಕ್ಟರಿಗೆ ತೋರಿಸಿ.

ನನ್ನ ತಮ್ಮ ಈದ್ ಹೊತ್ತಿಗೆ ಚೇತರಿಸಿಕೊಂಡ. ಕಪಾಟಿನಲ್ಲಿ ಉಳಿದಿದ್ದ ಮಾತ್ರೆಗಳನ್ನು ಅಮ್ಮಿ ಅಂದೇ ತೆಗೆಸಿದರು.