ಕಾರಿಗೆ ಮ್ಯೂಸಿಯಂ ಉಂಟು, ಕೈಗೆ ಎಲ್ಲುಂಟು?

ಧರ್ಮಸ್ಥಳಕ್ಕೆ ಹೋಗದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ ಸ್ವಾಮೀ? ಬಿ.ಸಿ.ರೋಡು, ಬೆಳ್ತಂಗಡಿ, ಉಜಿರೆ ಎಂದು ಕಂಡಕ್ಟರು ಕೂಗುವ ಊರುಗಳೆಲ್ಲ ನಮಗೆ ಬಾಯಿಪಾಠ. ದಾರಿಯಲ್ಲಿ ನೇತ್ರಾವತಿ ಸ್ನಾನ, ಮಂಜುನಾಥನ ದರ್ಶನ, ಅನ್ನಪೂರ್ಣ ಛತ್ರದಲ್ಲಿ ಊಟ, ಮತ್ತೆ ಬಸ್ಸು. ಅಲ್ಲೇ ನಡೆದು ಹೋಗುವಷ್ಟು ದೂರದಲ್ಲಿರುವ ಹಳೇ ಕಾರುಗಳ ಸಂಗ್ರಹಾಲಯಕ್ಕೆ ಕಾಲಿಡುವವರು ಎಷ್ಟು ಮಂದಿ?

ನಾನೂ ಇಷ್ಟು ವರ್ಷ ಹೋಗಿರಲಿಲ್ಲ. ಮೊನ್ನೆ ಹೋದೆ. ಕರೆದುಕೊಂಡು ಹೋದದ್ದು ಬಂಟ್ವಾಳ ಕಡೆಯ ಒಬ್ಬ ಮೆಕ್ಯಾನಿಕ್ ಅಜ್ಜ. ವಯಸ್ಸು ಎಂಬತ್ತರ ಹತ್ತಿರ. ಹನ್ನೆರಡನೇ ವರ್ಷಕ್ಕೆ ಗ್ಯಾರೇಜು ಸೇರಿದವರು. "ಪೇಪರಿನಲ್ಲಿ ಹೆಸರು ಹಾಕಬೇಡ ಮಾರಾಯಾ" ಎಂದಿದ್ದಾರೆ. ಹಾಕುವುದಿಲ್ಲ.

ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಹಳೇ ವಸ್ತುಗಳ ಹುಚ್ಚು ಎಲ್ಲರಿಗೂ ಗೊತ್ತು. ಮಂಜೂಷಾ ವಸ್ತುಸಂಗ್ರಹಾಲಯವೂ ಈ ಕಾರುಗಳ ಸಂಗ್ರಹವೂ ಅದೇ ಹುಚ್ಚಿನ ಫಲ. ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಇನ್ನೊಂದು ಕಾರು ಸಂಗ್ರಹಾಲಯವೂ ಅವರ ಆಸಕ್ತಿಯಿಂದಲೇ ಆಗಿದೆ.

ಒಳಗೆ ಹೋದರೆ ಸಾಲು ಸಾಲು ಕಾರು. ನಾನು ಬಣ್ಣ ನೋಡಿದೆ, ಹೊಳೆಯುವ ದೀಪ ನೋಡಿದೆ. ಅಜ್ಜ ಮಾತ್ರ ಕೈ ಹಿಂದೆ ಕಟ್ಟಿಕೊಂಡು ಪ್ರತಿಯೊಂದು ಕಾರಿನ ಮೂತಿಯ ಕೆಳಗೆ ಬಗ್ಗಿ ಏನನ್ನೋ ಹುಡುಕುತ್ತಿದ್ದರು.

"ಎಂಥ ಹುಡುಕುದು ಅಜ್ಜ?"

"ಹ್ಯಾಂಡಲಿನ ತೂತು."

ಹೆಬ್ಬೆರಳು ಕಲಿತ ಪಾಠ

ಇಂದು ಕೀಲಿ ತಿರುಗಿಸಿದರೆ, ಇಲ್ಲವೇ ಗುಂಡಿ ಒತ್ತಿದರೆ ಕಾರು ಸ್ಟಾರ್ಟು. ಹಿಂದೆ ಹಾಗಿರಲಿಲ್ಲ. ಕಾರಿನ ಮುಂದೆ ನಿಂತು, ಕಬ್ಬಿಣದ ಹ್ಯಾಂಡಲ್ ತೂರಿಸಿ ಎಂಜಿನನ್ನೇ ಕೈಯಲ್ಲಿ ತಿರುಗಿಸಬೇಕಿತ್ತು. ಕಿಡಿ ಹೊತ್ತುವ ಹೊತ್ತು ಸ್ವಲ್ಪ ಮುಂಚೆ ಆಯಿತೋ, ಎಂಜಿನು ಹಿಮ್ಮುಖ ಒದೆಯುತ್ತಿತ್ತು. ಹ್ಯಾಂಡಲ್ ತಿರುಗಿ ಹೊಡೆದರೆ ಮಣಿಕಟ್ಟು ಮುರಿಯುತ್ತಿತ್ತು.

"ಹೆಬ್ಬೆರಳು ಆಚೆ ಬದಿಗೆ ಸುತ್ತಬಾರದು. ಉಳಿದ ಬೆರಳಿನ ಜೊತೆಗೇ ಇರಬೇಕು. ಹ್ಯಾಂಡಲ್ ಒದ್ದರೆ ಕೈ ಬಿಟ್ಟುಹೋಗಬೇಕು, ಬೆರಳು ಹೋಗಬಾರದು." ಅಜ್ಜ ಬಲಗೈ ತೋರಿಸಿದರು. ಹೆಬ್ಬೆರಳು ಸೊಟ್ಟ. ಪಾಠ ಕಲಿಯುವ ಮುಂಚಿನ ಪೆಟ್ಟು.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ಕ್ಯಾಡಿಲಾಕ್ ಕಾರಿಗೆ ಬಂದದ್ದು 1912ರಲ್ಲಿ. ಹಾಗೆಂದು ಹ್ಯಾಂಡಲ್ ಕೂಡಲೇ ಮಾಯವಾಗಲಿಲ್ಲ. ಬ್ಯಾಟರಿ ಕೈಕೊಟ್ಟ ದಿನಕ್ಕೆಂದು ನಮ್ಮ ಹಳೇ ಅಂಬಾಸಿಡರ್ ಕಾರಿನಲ್ಲೂ ಅದಕ್ಕೊಂದು ತೂತು ಇತ್ತು. ಬೆಳಗಿನ ಚಳಿಗೆ ಟ್ಯಾಕ್ಸಿಯ ಮುಂದೆ ಬಗ್ಗಿ ಹ್ಯಾಂಡಲ್ ಹೊಡೆಯುತ್ತಿದ್ದ ಡ್ರೈವರಣ್ಣ ಹಿರಿಯ ಓದುಗರಿಗೆ ನೆನಪಿದ್ದಾನು.

ಕಾರ್ಖಾನೆ ಬರಲಿಲ್ಲ, ಗ್ಯಾರೇಜು ಬಂತು

ಇನ್ನೊಂದು ಕತೆ ಕೇಳಿ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ನಮ್ಮ ದೇಶದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಹಾಕಿ, ವಿದೇಶ ಸುತ್ತಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೆ ನಿಂತರು. ಬೆಂಗಳೂರಿನಲ್ಲಿ ಕಾರ್ಖಾನೆ ಎಂಬ ಮಾತೂ ನಡೆಯಿತು. ಬ್ರಿಟಿಷ್ ಸರಕಾರ ಸಹಕರಿಸಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂತು. ವಾಲ್‌ಚಂದರ ಕಾರು ಕಂಪೆನಿ 1944ರಲ್ಲಿ ಮುಂಬೈ ಪಾಲಾಯಿತು.

ನಮಗೆ ಉಳಿದದ್ದು ಹಡಗಿನಲ್ಲಿ ಬಂದ ಪರದೇಶದ ಕಾರುಗಳು. ಸ್ವಾತಂತ್ರ್ಯ ಬಂದ ಮೇಲೆ ಆಮದಿಗೆ ಕಡಿವಾಣ ಬಿತ್ತು. ಸ್ಪೇರ್ ಪಾರ್ಟು ಸಿಗಲಿಲ್ಲ. ಕಾರು ಓಡದೆ ಇರಲಿಲ್ಲ! ಹೇಗೆ?

"ನಾವೇ ಮಾಡಿದ್ದು. ಲೇತಿನಲ್ಲಿ ಬುಶ್ ಕಡೆದದ್ದು, ಕಾರ್ಕ್ ಕತ್ತರಿಸಿ ಗ್ಯಾಸ್ಕೆಟ್ ಮಾಡಿದ್ದು, ಲಾರಿಯ ಸ್ಪ್ರಿಂಗ್ ಪಟ್ಟಿ ಕಡಿದು ಕಾರಿಗೆ ಕೂರಿಸಿದ್ದು. ಪುಸ್ತಕ ಇರಲಿಲ್ಲ, ಇದ್ದರೂ ಓದಲಿಕ್ಕೆ ಬರ್ತಿರಲಿಲ್ಲ. ಕಿವಿ ಕೊಟ್ಟರೆ ಎಂಜಿನೇ ಹೇಳ್ತಿತ್ತು" ಎಂದರು ಅಜ್ಜ.

ಈಗ ಆ ಕಿವಿಗೆ ಕೆಲಸ ಇಲ್ಲ. 2000ನೇ ಇಸವಿಯ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾಯಿತು, ಹೊಸ ಕಾರುಗಳಿಂದ ಕಾರ್ಬುರೇಟರು ಹೋಯಿತು. ಇಂದಿನ ಹುಡುಗರು ಕಂಪ್ಯೂಟರು ಸಿಕ್ಕಿಸಿ ದೋಷ ಹುಡುಕುತ್ತಾರೆ. ಅವರದ್ದೇನೂ ತಪ್ಪಲ್ಲ, ಇಂದಿನ ಕಾರಿಗೆ ಅದೇ ಬೇಕು. ಆದರೆ ಕಾರ್ಬುರೇಟರು ಬಿಚ್ಚಿ, ತೊಳೆದು, ಶ್ರುತಿ ಹಿಡಿಯುವವರು ಊರಿಗೆ ಒಬ್ಬರೋ ಇಬ್ಬರೋ. ಅವರೂ ಎಪ್ಪತ್ತು ದಾಟಿದವರು.

ಕಿಲೋ ಲೆಕ್ಕದ ಆಸ್ಟಿನ್

ಒಂದು ಪುಟ್ಟ ಇಂಗ್ಲಿಷ್ ಕಾರಿನ ಎದುರು ಅಜ್ಜ ತುಂಬಾ ಹೊತ್ತು ನಿಂತರು. ಅಂಥದ್ದೇ ಒಂದು ಆಸ್ಟಿನ್ ವಿಟ್ಲ ಕಡೆಯ ಒಂದು ಮನೆಯಲ್ಲಿತ್ತಂತೆ. ಮೂವತ್ತು ವರ್ಷ ಅದನ್ನು ಇವರೇ ನೋಡಿಕೊಂಡಿದ್ದರು. ಯಜಮಾನರು ತೀರಿಕೊಂಡರು. ಕಾರು ಅಡಿಕೆ ಶೆಡ್ಡಿನ ಮೂಲೆ ಸೇರಿತು. ನಮ್ಮ ಕಡೆಯ ಮಳೆ ಗೊತ್ತಲ್ಲ? ತಗಡಿಗೆ ತುಕ್ಕು, ವಯರಿಗೆ ಇಲಿ, ಟ್ಯಾಂಕಿನಲ್ಲಿ ಪೆಟ್ರೋಲು ಅಂಟಾಯಿತು. ಜಾಗ ಬೇಕೆಂದು ಒಂದು ದಿನ ಗುಜರಿಯವರಿಗೆ ಕೊಟ್ಟರು. ತುಂಡು ಮಾಡಿ, ತೂಕ ಮಾಡಿ ಒಯ್ದರು.

ಆರು ತಿಂಗಳು ಕಳೆದು ಗಲ್ಫಿನಲ್ಲಿದ್ದ ಮಗ ಊರಿಗೆ ಬಂದ. ನೇರ ಅಜ್ಜನ ಮನೆಗೆ ಹೋಗಿ, "ಅಪ್ಪನ ಕಾರು ಒಮ್ಮೆ ಸ್ಟಾರ್ಟು ಮಾಡಿ ಕೊಡ್ತೀರಾ?" ಎಂದು ಕೇಳಿದ. ಕಾರು ಹೋದದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವ ಕೆಲಸ ಅಜ್ಜನ ಪಾಲಿಗೆ ಬಂತು.

"ನನ್ನನ್ನು ಒಂದು ಮಾತು ಕೇಳಿದ್ದರೆ ಎರಡು ವಾರದಲ್ಲಿ ಓಡಿಸ್ತಿದ್ದೆ" ಎಂದರು. ಆಮೇಲೆ ಸಂಗ್ರಹಾಲಯದ ಬಾಗಿಲ ತನಕ ಮಾತಾಡಲಿಲ್ಲ.

ಕಾಯಿದೆ ಏನನ್ನುತ್ತದೆ?

ಹಳೇ ಗಾಡಿ ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆ, ಆರ್‌ಟಿಒ ಬಿಡುವುದಿಲ್ಲ ಎಂದು ಹೆದರಿ ಮಾರುವವರೇ ಹೆಚ್ಚು. ಅಂಥವರು ಇದನ್ನು ಗಮನಿಸಿ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹಳೇ ವಾಹನಗಳಿಗೆಂದೇ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನುಗಳಲ್ಲಿ ಭಾರೀ ಬದಲಾವಣೆ ಆಗದ ಕಾರು ಮತ್ತು ಬೈಕುಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ. ನಿಯಮದಲ್ಲಿ ಹೇಳಿದ ಶುಲ್ಕ ಹೊಸ ನೋಂದಣಿಗೆ 20,000 ರೂಪಾಯಿ, ಊರ್ಜಿತ 10 ವರ್ಷ. ನವೀಕರಣಕ್ಕೆ 5,000.

ಆದರೆ ಪೇಟೆಗೆ ಸಾಮಾನು ತರಲು ಓಡಿಸುವ ಹಾಗಿಲ್ಲ, ಬಾಡಿಗೆಗೂ ಇಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು, ಇಂಥದ್ದಕ್ಕೆ ಮಾತ್ರ ರಸ್ತೆ. ಶುಲ್ಕ ಬಡವನಿಗೆ ಭಾರವೇ, ಒಪ್ಪೋಣ. ಆದರೆ ಗುಜರಿ ಒಂದೇ ದಾರಿಯಲ್ಲ. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ ಬೈಕು ಎಷ್ಟು ಅಂಗಡಿಗಳ ಹಿಂಬದಿಯಲ್ಲಿ ಗೋಣಿ ಹೊದ್ದು ಮಲಗಿಲ್ಲ?

ಮತ್ತೊಂದು ಮಾತು. ಜಿಲ್ಲೆಯಲ್ಲಿ ಐಟಿಐಗಳಿಗೆ ಬರವಿಲ್ಲ. ತಿಂಗಳಿಗೊಂದು ದಿನ ಇಂಥ ಅಜ್ಜಂದಿರನ್ನು ಕರೆಸಿ, ಮಕ್ಕಳ ಎದುರು ಒಂದು ಹಳೇ ಎಂಜಿನು ಬಿಚ್ಚಿಸಿದರೆ ಯಾರ ಗಂಟು ಹೋಗುತ್ತದೆ? ಕಾರು ಉಳಿಸಲು ಹೆಗ್ಗಡೆಯವರಂಥವರು ಇದ್ದಾರೆ. ಈ ಕೈಗಳ ವಿದ್ಯೆ ಉಳಿಸುವವರು ಯಾರು?

ಸಂಜೆ ಮರಳುವ ಬಸ್ಸಿನಲ್ಲಿ ಅಜ್ಜ ಕಿಟಕಿಯ ಬದಿ ಕೂತರು. ಉಜಿರೆ ದಾಟುವಾಗ ಕಣ್ಣು ಮುಚ್ಚಿದ್ದವರು ಹೇಳಿದರು: "ಈ ಬಸ್ಸಿನ ಎಂಜಿನಿಗೆ ಒಂದು ಕಡೆ ಸೌಂಡ್ ಸರಿ ಇಲ್ಲ. ಡ್ರೈವರಿಗೆ ಹೇಳು."

ಹೇಳಿದೆ. ಡ್ರೈವರ್ ನಕ್ಕ. "ಹೌದು ಸಾರ್, ನಾಳೆ ಡಿಪೋದಲ್ಲಿ ತೋರಿಸ್ಲಿಕ್ಕುಂಟು. ನಿಮಗೆ ಹೇಗೆ ಗೊತ್ತಾಯ್ತು?"

ಓದುಗರೇ, ಮನೆಯ ಹಿಂದಿನ ಶೆಡ್ಡು ಒಮ್ಮೆ ತೆರೆದು ನೋಡಿ. ಗುಜರಿಯವರಿಗೆ ಫೋನು ಮಾಡುವ ಮೊದಲು ಊರಿನ ಹಳೇ ಮೆಕ್ಯಾನಿಕ್ಕಿಗೆ ಮಾಡಿ. ಅವರಿರುವಾಗಲೇ ಮಾಡಿ.