ಜಾಲದ ಕಳ್ಳರೂ ಮನೆಯ ಮೌನವೂ

ಬಾಗಿಲಿಗೆ ಅಗಳಿ ಹಾಕಿದ ಮೇಲೂ ಅಪರಿಚಿತರು ಈಗ ನಮ್ಮ ಮನೆಗಳನ್ನು ಹೊಗಬಲ್ಲರು; ಕೈಯಲ್ಲಿರುವ ಮೊಬೈಲೇ ಅವರಿಗೆ ಹೆಬ್ಬಾಗಿಲು. ಇದಕ್ಕೆ ಸರ್ಕಾರದವರು ಏನನ್ನೂ ಮಾಡಿಲ್ಲವೆಂದು ದೂರುವ ಗೃಹಸ್ಥರು ಬಹುಮಂದಿ. ದೇಶದ ಮೊದಲನೆಯ ಸೈಬರ್ ಪೋಲೀಸು ಠಾಣೆಯು ೨೦೦೧ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತೆಂದು ಓದಿದ್ದರೂ ನಾನೂ ಹಾಗೆಯೇ ದೂರುತ್ತಿದ್ದವನು.

ಕಳೆದ ಆಷಾಢದಲ್ಲಿ ಒಂದು ಮಧ್ಯಾಹ್ನ, ಬಿಲ್ಲು ಸಂದಾಯವಾಗದ ಕಾರಣ ಅಂದೇ ರಾತ್ರಿ ವಿದ್ಯುತ್ತು ನಿಲ್ಲುವುದೆಂಬ ಸಂದೇಶವನ್ನು ನಂಬಿ, ಅದರಲ್ಲಿದ್ದ ಸಂಖ್ಯೆಗೆ ಮಾತನಾಡಿ, ಹೇಳಿದಂತೆಲ್ಲ ನಡೆದು, ಪಿಂಚಣಿಯ ಖಾತೆಯಿಂದ ೩೮,೦೦೦ ರೂಪಾಯಿಗಳನ್ನು ಕಳೆದುಕೊಂಡೆನು. ಮೂವತ್ತು ವರ್ಷ ಪಾಠ ಹೇಳಿದವನು ಮೋಸಹೋದೆನೆಂದು ಯಾರಿಗೆ ಹೇಳಲಿ? ಒಂದೂವರೆ ದಿನ ಬಾಯಿಬಿಡಲಿಲ್ಲ. ಪರರ ದೆಸೆಯಿಂದ ಉಂಟಾಗುವ ಲಜ್ಜೆಗೆ ಅಮರಕೋಶದಲ್ಲಿ 'ಅಪತ್ರಪಾ' ಎಂಬ ಬೇರೆ ಹೆಸರೇ ಉಂಟು. ಹುಡುಗರಿಂದ ಬಾಯಿಪಾಠ ಮಾಡಿಸುತ್ತಿದ್ದ ಆ ಶಬ್ದದ ಅರ್ಥವು ನನಗೆ ಆಗ ತಿಳಿಯಿತು.

ನನ್ನ ಬಾಡಿದ ಮುಖವನ್ನು ಕಂಡು ವಿಚಾರಿಸಿದವನು ಹನ್ನೊಂದು ವರ್ಷದ ಮೊಮ್ಮಗ. ಸಂಗತಿ ತಿಳಿದೊಡನೆ, "ತಾತ, ೧೯೩೦ಕ್ಕೆ ಫೋನು ಮಾಡಿದಿರಾ?" ಎಂದನು. ಶಾಲೆಗೆ ಬಂದಿದ್ದ ಪೋಲೀಸಿನವರು ಹೇಳಿಕೊಟ್ಟಿದ್ದರಂತೆ.

ಕೇಂದ್ರದ ಗೃಹ ಖಾತೆಯವರು ೨೦೨೧ರಲ್ಲಿ ಏರ್ಪಡಿಸಿದ ಈ ವ್ಯವಸ್ಥೆಯ ಮರ್ಮವೆಲ್ಲವೂ ತ್ವರೆಯಲ್ಲಿದೆ. ಖಾತೆಯ ಸಂಖ್ಯೆ, ಮೊಬಲಗು, ಹಣ ಹೋದ ವೇಳೆ ಇವುಗಳನ್ನು ಹೇಳಿದರೆ ದೂರು ಬ್ಯಾಂಕಿಗೆ ಮುಟ್ಟುತ್ತದೆ. ಹಣವು ಕಳ್ಳನ ಖಾತೆಯಲ್ಲಿ ಇನ್ನೂ ಇದ್ದರೆ ಅಲ್ಲಿಯೇ ತಡೆಯುತ್ತಾರೆ, ಬೇರೊಂದು ಬ್ಯಾಂಕಿಗೆ ದಾಟಿದ್ದರೆ ದೂರೂ ಅದರ ಬೆನ್ನು ಹತ್ತುತ್ತದೆ. ಕಳ್ಳನಾದರೋ ಅದನ್ನು ಗಳಿಗೆಯೊಳಗಾಗಿ ನಾಲ್ಕಾರು ಖಾತೆಗಳಿಗೆ ಹಂಚಿಬಿಡುವನು. ನನ್ನ ಹಣದಲ್ಲಿ ತಡೆಗೆ ಸಿಕ್ಕಿದ್ದು ೬,೦೦೦ ಮಾತ್ರ. ಉಳಿದುದನ್ನು ನುಂಗಿದ್ದು ಕಳ್ಳನೋ, ನನ್ನ ಮೌನವೋ?

ಅಂದು ಸಂಜೆ ಹುಡುಗನು, "ನಾನು ಹೀಗೆ ಮಾಡಿದ್ದರೆ ಬಯ್ಯುತ್ತಿದ್ದಿರಲ್ಲವೆ?" ಎಂದು ಕೇಳಿದನು. ಬಯ್ಯುತ್ತಿದ್ದೆನೆಂದು ಒಪ್ಪಿಕೊಂಡೆನು. ಆಮೇಲೆ ಮಾತು ಹೊರಬಿತ್ತು. ಮೊಬೈಲಿನ ಆಟದಲ್ಲಿ ಪರಿಚಯವಾದವನೊಬ್ಬನು ಹದಿನೈದು ದಿನಗಳಿಂದ ಇವನನ್ನು ಹೇಳಬಾರದಂಥ ಭಾವಚಿತ್ರಕ್ಕಾಗಿ ಪೀಡಿಸುತ್ತಿದ್ದನಂತೆ. ಕೊಡದಿದ್ದರೆ ಅಪ್ಪನಿಗೆ ಇಲ್ಲದ್ದನ್ನು ಹೇಳುವೆನೆಂದು ಬೆದರಿಸುತ್ತಿದ್ದನಂತೆ. ಹುಡುಗನು ಚಿತ್ರವನ್ನು ಕೊಟ್ಟಿರಲಿಲ್ಲ; ಯಾರಿಗೂ ಹೇಳಿಯೂ ಇರಲಿಲ್ಲ.

ಮಕ್ಕಳನ್ನು ಹೀಗೆ ಪುಸಲಾಯಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾನೂನಿನ ೬೭-ಬಿ ಕಲಮು ಮೊದಲ ಸಲಕ್ಕೇ ಐದು ವರ್ಷಗಳವರೆಗೆ ಸೆರೆವಾಸವನ್ನೂ ಹತ್ತು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ವಿಧಿಸುತ್ತದೆ. ಇದು ೨೦೦೮ರ ತಿದ್ದುಪಡಿಯಿಂದ ಸೇರಿದ್ದು. ೨೦೧೨ರ ಪೋಕ್ಸೊ ಕಾನೂನು ಬೇರೆ ಇದೆ. ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಸೈಬರ್ ಅಪರಾಧ ದೂರು ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಕೊಡಬಹುದು. ಮಕ್ಕಳ ಅಶ್ಲೀಲ ಚಿತ್ರಗಳನ್ನು ಕುರಿತ ದೂರನ್ನು ಹೆಸರು ಹೇಳದೆಯೂ ಕೊಡಲು ಅವಕಾಶವುಂಟು. ದಿಕ್ಕುಗಾಣದ ಮಗುವು ತಾನೇ ೧೦೯೮ಕ್ಕೆ ಮಾತನಾಡಬಹುದು.

ರಾತ್ರಿ ಮಗ ಸೊಸೆಯರನ್ನು ಕೂರಿಸಿಕೊಂಡು ಎರಡನೆಯ ದೂರನ್ನು ಬರೆದೆವು. ಆ ದುಷ್ಟನ ಸಂದೇಶಗಳನ್ನು ಅಳಿಸಿಬಿಡಲು ನಾನು ಕೈಚಾಚಿದಾಗ, "ಬೇಡ ತಾತ, ಅದೇ ಸಾಕ್ಷಿ" ಎಂದು ಹುಡುಗನೇ ತಡೆದನು.